ಫಲಕದಲ್ಲಿ ಇಲ್ಲದವರು

2019ರ ಸೆಪ್ಟೆಂಬರ್‌ನಲ್ಲಿ ಜಗತ್ತಿನಾದ್ಯಂತ ಲಕ್ಷಾಂತರ ವಿದ್ಯಾರ್ಥಿಗಳು ಹವಾಮಾನಕ್ಕಾಗಿ ತರಗತಿ ಬಿಟ್ಟು ಬೀದಿಗಿಳಿದರು. ಜೂನ್ 5 ಬಂದರೆ ಶಿವಮೊಗ್ಗದ ನಮ್ಮ ಮಕ್ಕಳೂ ಫಲಕ ಹಿಡಿಯುತ್ತಾರೆ. ಅದರಲ್ಲಿ ಕರಗುವ ಹಿಮವಿದೆ, ಬಿಳಿ ಕರಡಿಯಿದೆ. ಕಾಳಜಿ ಪ್ರಾಮಾಣಿಕವೇ. ಆದರೆ ಕತೆಯನ್ನು ಓದುವಂತೆ ಫಲಕವನ್ನೂ ಓದಿ, ಇಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದು ನಾವು ಕೇಳಬೇಕಾಗುತ್ತದೆ.

ಉತ್ತರ ಪಕ್ಕದ ಭದ್ರಾವತಿಯಲ್ಲಿದೆ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಾರ್ಮಿಕರ ಕೆಲಸ ಹೋಯಿತು. ಕಾರ್ಖಾನೆಗೆಂದು ಮಲೆನಾಡಿನಲ್ಲಿ ಬೆಳೆಸಿದ ಅಕೇಶಿಯಾ, ನೀಲಗಿರಿ ನೆಡುತೋಪು ಉಳಿಯಿತು. 2020ರಲ್ಲಿ ಆ ಭೂಮಿಯ ಗುತ್ತಿಗೆ ನವೀಕರಣವಾದಾಗ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಕೂಗೆದ್ದಿತು. ಇದು ಈ ಮಣ್ಣಿನ ಮಾತು, ಬಿಳಿ ಕರಡಿಗಿಂತ ಗಟ್ಟಿ. ಆದರೂ ಕೆಲಸ ಕಳೆದುಕೊಂಡವನ ಅನ್ನದ ಪ್ರಶ್ನೆ ಈ ಸಾಲಿನಲ್ಲೂ ಇಲ್ಲ. ಕಾಡು ಕೇಳುವವರು ಒಂದು ಕಡೆ, ಕೂಲಿ ಕೇಳುವವರು ಇನ್ನೊಂದು ಕಡೆ ನಿಂತರೆ ಇಬ್ಬರೂ ಸೋಲುತ್ತಾರೆ.

ಇದೇ ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಪ್ರೊ. ಬಿ. ಕೃಷ್ಣಪ್ಪ 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಪಠ್ಯಕ್ಕೂ ಕೇರಿಯ ಹಸಿವಿಗೂ ನಂಟಿದೆ ಎಂದು ಆ ಕಾಲದ ವಿದ್ಯಾರ್ಥಿಗಳು ಅರಿತಿದ್ದರು.

ಹರಿಯುವ ಹೊಳೆಯ ದಡದಲ್ಲಿದ್ದರೂ ವುಝೂವಿಗೆ ನೀರು ಪೋಲು ಮಾಡಬಾರದೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವು ಮದ್ರಸದಲ್ಲಿ ಕಲಿತೆವು. ಅಲ್ಲಿ ಪರಿಸರವೆಂಬುದು ಘೋಷಣೆಯಲ್ಲ, ದಿನದ ನಡತೆ. ಮುಂದಿನ ಫಲಕ ಬರೆಯುವ ಮುನ್ನ ನಮ್ಮ ಮಕ್ಕಳು ಭದ್ರಾವತಿಯ ಬಸ್ಸು ಹತ್ತಲಿ, ಹಳೆಯ ಕಾರ್ಮಿಕರೊಬ್ಬರ ಮನೆಯಲ್ಲಿ ಕೂತು ಅವರ ಮಾತು ಕೇಳಲಿ. ಆಮೇಲೆ ಬರೆಯುವ ಸಾಲು ಬೇರೆಯಾಗಿರುತ್ತದೆ.