ಭಾಗವತನ ಅಧಿಕಾರ

ಯಮನೂರಿನ ಆಸುಪಾಸಿನ, ಬೆಣ್ಣೆಹಳ್ಳದ ಸೀಮೆಯ ಒಂದೂರಲ್ಲಿ ಕೆಲವು ವರ್ಷಗಳ ಹಿಂದೆ ಶ್ರೀಕೃಷ್ಣ ಪಾರಿಜಾತ ನೋಡಿದೆ. ಸತ್ಯಭಾಮೆಯಾಗಿದ್ದ ಹುಡುಗ ಹೊಸಬ. ನಡುವೆ ಮಾತು ಮರೆತು ನಿಂತ. ಭಾಗವತ ಥಟ್ಟನೆ, “ಯಾಕವ್ವಾ, ಸಿಟ್ಟಿನಾಗ ಮಾತು ಹೊರಡವಲ್ದೇನು?” ಎಂದ. ಮರೆವು ಮುನಿಸಾಯಿತು, ಹುಡುಗ ಚೇತರಿಸಿಕೊಂಡ. ಆದರೆ ಅದೇ ರಾತ್ರಿ, ಅದೇ ಹುಡುಗನ ಎದುರುತ್ತರಕ್ಕೆ ಸಭೆ ಚಪ್ಪಾಳೆ ತಟ್ಟಿದಾಗ ಭಾಗವತನಿಗೆ ಸಹಿಸಲಿಲ್ಲ. ಹಾರ್ಮೋನಿಯಮ್ಮಿಗೆ ಸನ್ನೆ ಮಾಡಿ ಹಾಡು ಎತ್ತಿದ. ಹುಡುಗನ ಮುಂದಿನ ಮಾತು ತಬಲೆಯ ಸದ್ದಿನಲ್ಲಿ ಮುಳುಗಿತು.

ಎರಡೂ ಒಂದೇ ಅಧಿಕಾರದ ಕೆಲಸ. ಮೊದಲನೆಯದನ್ನು ಮೆಚ್ಚಿ ಎರಡನೆಯದನ್ನು ಹಳಿಯುವುದು ಯಾವ ನ್ಯಾಯದಿಂದ?

ಈ ಪ್ರಶ್ನೆ ನಮ್ಮದಷ್ಟೇ ಅಲ್ಲ. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟದಲ್ಲಿ ಕೆಲವರು ಮೇಜಿನ ಸುತ್ತ ಕುಳಿತು ಒಬ್ಬೊಬ್ಬ ಪಾತ್ರವಾಗುತ್ತಾರೆ. ಒಬ್ಬನು ಮಾತ್ರ ಕಥೆ ನಡೆಸುವವನು. ನಿಯಮ ಮುಟ್ಟದ ಕಡೆ ಅವನ ತೀರ್ಪೇ ನಿಯಮ. ಅವನು ಮರೆಯಲ್ಲಿ ದಾಳ ಉರುಳಿಸಿ, ಬಿದ್ದ ಗರವನ್ನು ಬದಲಿಸಿ ಹೇಳಬಹುದೇ ಎಂಬುದು ಅಲ್ಲಿಯ ಆಟಗಾರರಲ್ಲಿ ಇಂದಿಗೂ ಮುಗಿಯದ ಜಗಳ.

ಉತ್ತರಕ್ಕೆ ಕರಾವಳಿಯ ತಾಳಮದ್ದಳೆಯನ್ನು ನೋಡಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಆಶುವಾಗಿ ವಾದಿಸುತ್ತಾರೆ. ವಾಲಿವಧೆಯಲ್ಲಿ ವಾಲಿ ಸಾಯಲೇಬೇಕು. ಅದು ಪ್ರಸಂಗದ ಕಟ್ಟು. ಆದರೆ ಮರೆಯಿಂದ ಬಾಣ ಬಿಟ್ಟುದೇಕೆ ಎಂದು ವಾಲಿ ಕೇಳುವ ಪ್ರಶ್ನೆ ಎಷ್ಟು ಹರಿತವಾಗಿರಬೇಕೆಂಬುದು ಕಟ್ಟಿನಲ್ಲಿಲ್ಲ. ಮಾತು ಹಾದಿ ತಪ್ಪಿ ವೈಯಕ್ತಿಕ ನಿಂದೆಗೆ ಇಳಿದಾಗ, ರಾತ್ರಿ ಸವೆಯುತ್ತ ಬಂದಾಗ, ಭಾಗವತರು ಮುಂದಿನ ಪದ್ಯ ಎತ್ತುವುದು ಧರ್ಮ. ರಾಮನ ಅರ್ಥಧಾರಿಗೆ ಉತ್ತರ ತೋಚಲಿಲ್ಲವೆಂದು ಎತ್ತಿದರೆ ಅದು ಅಧರ್ಮ. ಆಗ ವಾಲಿಯನ್ನು ಎರಡನೆಯ ಸಲ ಮರೆಯಿಂದಲೇ ಹೊಡೆದಂತಾಯಿತು.

ಹಾಗಾದರೆ ಭಾಗವತನ ಕೈ ಕಟ್ಟಿ, ಎಲ್ಲವನ್ನೂ ನಿಯಮಕ್ಕೆ ಒಪ್ಪಿಸೋಣವೇ? ಬೇಡ. ಹಾಗೆ ಮಾಡಿದ್ದರೆ ಮಾತು ಮರೆತ ಹುಡುಗ ಮರೆತೇ ನಿಲ್ಲುತ್ತಿದ್ದ. ಅಧಿಕಾರ ಇರಲಿ, ಅದರ ಪರೀಕ್ಷೆಯೂ ಇರಲಿ. ಭಾಗವತ ಕೈಯಿಟ್ಟ ಮೇಲೆ ಪಾತ್ರಧಾರಿಗೆ ಆಡಲು ಜಾಗ ಹೆಚ್ಚಿತೋ, ಕಡಿಮೆಯಾಯಿತೋ? ಕಡಿಮೆಯಾದರೆ ಅದು ಕಥೆಗಾಗಿ ಆಯಿತೋ, ಯಾರನ್ನೋ ಉಳಿಸಲೆಂದು ಆಯಿತೋ? ಗೆಲ್ಲುವವರು ಬೇರೊಬ್ಬರಾಗಿದ್ದರೂ ಅವನು ಆಗಲೇ ಹಾಡು ಎತ್ತುತ್ತಿದ್ದನೇ? ಈ ಕೊನೆಯ ಪ್ರಶ್ನೆಗೆ ನಿಂತು ಉತ್ತರಿಸಬಲ್ಲವನ ಹಿಡಿತವನ್ನು ಯಾವ ಪಾತ್ರಧಾರಿಯೂ ದೂರಲಾರ.

ನಮ್ಮ ವಿಮರ್ಶಕರು ಭಾಗವತರ ಕಂಠವನ್ನು ಹೊಗಳುತ್ತಾರೆ, ತಾಳಜ್ಞಾನವನ್ನು ತೂಗುತ್ತಾರೆ. ಅವರು ಎಲ್ಲಿ ಹಾಡಿದರು ಎಂದು ಬರೆಯುವಷ್ಟೇ ಗಮನದಿಂದ ಯಾರ ಮಾತಿನ ಮೇಲೆ ಹಾಡಿದರು ಎಂದೂ ಬರೆಯಬೇಕು. ಆ ರಾತ್ರಿ ಹುಡುಗ ಏನು ಹೇಳಲಿದ್ದನೋ, ಸಭೆಗೆ ಕೇಳಿಸಲೇ ಇಲ್ಲ. ಕಲೆಗೆ ಆದ ನಷ್ಟ ಅಷ್ಟು.