ಹರಿಕಥಾಮೃತಸಾರ: ಓಡದೆ ಓದುವವರಿಗೆ

ಹೈದರಾಬಾದಿನ ಕಾಚಿಗುಡ, ಬರಕತ್‌ಪುರದ ಕನ್ನಡ ಮನೆಗಳಿಗೆ ಹರಿಕಥಾಮೃತಸಾರ ಕಾವ್ಯದ ಪಾರಾಯಣ ಹೊಸತಲ್ಲ. ಇದನ್ನು ಬರೆದ ಜಗನ್ನಾಥದಾಸರು (1728–1809) ಮಾನ್ವಿಯವರು. ಮಾನ್ವಿ ಇರುವ ರಾಯಚೂರು ಜಿಲ್ಲೆ 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಆ ಸೀಮೆಯಿಂದ ನೌಕರಿಗೆ, ಓದಿಗೆ ಬಂದು ಇಲ್ಲೇ ಬೇರೂರಿದ ಮನೆತನಗಳ ಮೊಮ್ಮಕ್ಕಳಿಗೆ ಕನ್ನಡ ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ. ತೆಲುಗು ಲಿಪಿಯಲ್ಲಿ ಅಚ್ಚಾದ ಪ್ರತಿಗಳಿವೆ.

ಹೊಸಬರು ಮೊದಲು ಹೆದರುವುದು ಗಾತ್ರಕ್ಕೆ. 32 ಸಂಧಿ, ಮೇಲೆ ದಾಸರ ಶಿಷ್ಯ ಶ್ರೀದವಿಠಲರ ಫಲಸ್ತುತಿ. ಆಮೇಲೆ ಹೆದರುವುದು ತತ್ತ್ವಕ್ಕೆ: ಮಾಧ್ವ ಸಿದ್ಧಾಂತದ ತಾರತಮ್ಯ, ಬಿಂಬ-ಪ್ರತಿಬಿಂಬ, ತತ್ತ್ವಾಭಿಮಾನಿ ದೇವತೆಗಳು. ಎರಡನ್ನೂ ಸದ್ಯಕ್ಕೆ ಬದಿಗಿಡಿ. ಕಿವಿಯಿಂದ ಶುರುಮಾಡಿ.

ಇದು ಭಾಮಿನಿ ಷಟ್ಪದಿ. ಆರು ಸಾಲು; ಮೂರು ಮಾತ್ರೆ, ನಾಲ್ಕು ಮಾತ್ರೆಯ ಗಣಗಳು ಒಂದರ ಹಿಂದೊಂದು ನಡೆಯುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆ. ಮೂರು ಮತ್ತು ಆರನೆಯ ಸಾಲು ಉದ್ದ, 23 ಮಾತ್ರೆ, ಕೊನೆಗೊಂದು ಗುರು. ಆ ಗುರುವಿನ ಮೇಲೆ ನಿಲ್ಲಬೇಕು, ಉಸಿರು ಅಲ್ಲೇ ತೆಗೆದುಕೊಳ್ಳಬೇಕು. ಭಜನಾ ಮಂಡಳಿಯಲ್ಲಿ ಹಿರಿಯರು ‘ಓಡಬ್ಯಾಡ್ರಿ, ತಡೀರಿ’ ಎಂದು ಗದರುವುದು ಸಾಮಾನ್ಯವಾಗಿ ಈ ಜಾಗದಲ್ಲೇ. ಹೊಸಬರು ಮೂರನೆಯ ಸಾಲನ್ನು ನಾಲ್ಕನೆಯದಕ್ಕೆ ಅಂಟಿಸಿಬಿಡುತ್ತಾರೆ. ನಡೆಯೂ ಕೆಡುತ್ತದೆ, ಅರ್ಥವೂ ಜಾರುತ್ತದೆ. ಪ್ರತಿ ಸಂಧಿಯ ಆರಂಭಕ್ಕೆ ಬರುವ ಪಲ್ಲವಿ ಒಂದೇ. ಗುರುಗಳ ಕರುಣೆಯಿಂದ ಆದಷ್ಟು ಹೇಳುತ್ತೇನೆ, ಭಕ್ತರು ಆದರದಿಂದ ಕೇಳಲಿ ಎಂಬುದು ಅದರ ತಾತ್ಪರ್ಯ. ಅದನ್ನು ಸಂಪ್ರದಾಯಕ್ಕೆಂದು ಗೊಣಗಿ ಮುಂದೆ ಹೋಗಬೇಡಿ. ಓದುವವರು ಮೊದಲು ಕೇಳುವವರಾಗಬೇಕೆಂಬ ಸೂಚನೆ ಅಲ್ಲೇ ಇದೆ.

ಕಿವಿ ಪಳಗಿದ ಮೇಲೆ ಕರುಣಾಸಂಧಿಗೆ ಬನ್ನಿ, ಅಲ್ಲೇ ಸ್ವಲ್ಪ ಕಾಲ ಇರಿ. ಅದರ ಒಂದು ಪದ್ಯ ಬಲು ಪ್ರಸಿದ್ಧ: ಭಕ್ತ ಮಲಗಿ ಹಾಡಿದರೆ ಹರಿ ಕುಳಿತು ಕೇಳುತ್ತಾನೆ, ಕುಳಿತು ಹಾಡಿದರೆ ನಿಂತು ಕೇಳುತ್ತಾನೆ, ನಿಂತು ಹಾಡಿದರೆ ಕುಣಿಯುತ್ತಾನೆ. ಇಲ್ಲಿ ಪುಸ್ತಕ ಮಡಿಚಿ. ಪ್ರತಿ ಸಲವೂ ಅವನು ನಿಮಗಿಂತ ಒಂದು ಹೆಜ್ಜೆ ಮುಂದೆ. ದಣಿದು ಹಾಸಿಗೆ ಸೇರಿದವರಿಗೂ ಇದರಲ್ಲಿ ಜಾಗವಿದೆ. ಹೀಗೆ ಒಂದೇ ಪದ್ಯವನ್ನು ನಾಲ್ಕಾರು ಸಲ ಮೆಲುದನಿಯಲ್ಲಿ ಹೇಳಿಕೊಂಡು ಸುಮ್ಮನೆ ಕೂತರೆ, ಓದು ಯಾವಾಗ ಪ್ರಾರ್ಥನೆಯಾಯಿತೆಂದು ಹೇಳುವುದು ಕಷ್ಟ. ಶ್ರವಣ, ಮನನ, ನಿದಿಧ್ಯಾಸನವೆಂದು ನಮ್ಮವರು ಕರೆದದ್ದು ಇದನ್ನೇ. ಹನ್ನೆರಡನೆಯ ಶತಮಾನದ ಕ್ರೈಸ್ತ ಸನ್ಯಾಸಿ ಎರಡನೆಯ ಗೀಗೋ ಕೂಡ ಓದು, ಮನನ, ಪ್ರಾರ್ಥನೆ, ಧ್ಯಾನ ಎಂದು ನಾಲ್ಕು ಮೆಟ್ಟಿಲು ಹಾಕಿಕೊಟ್ಟ.

ಈ ಕರುಣೆಯ ಹಿಂದೆ ಒಂದು ಕಥೆಯಿದೆ. ಸಂಸ್ಕೃತ ಪಂಡಿತ ಶ್ರೀನಿವಾಸಾಚಾರ್ಯರಾಗಿದ್ದಾಗ ಜಗನ್ನಾಥದಾಸರು ಕನ್ನಡದ ಹಾಡುಗಳನ್ನು ಹಗುರಾಗಿ ಕಂಡಿದ್ದರು, ಹಿರಿಯ ಹರಿದಾಸ ವಿಜಯದಾಸರನ್ನು ಕಡೆಗಣಿಸಿ ಹೊಟ್ಟೆಶೂಲೆಗೆ ಗುರಿಯಾದರು, ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಕೊಟ್ಟು ಉಳಿಸಿದರು ಎಂದು ಪರಂಪರೆ ಹೇಳುತ್ತದೆ. ಕಥೆಯನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕರುಣೆಯ ಮಾತು ಬಂದಲ್ಲೆಲ್ಲ ಆ ಕಾವ್ಯದಲ್ಲಿ ಬಿಸಿ ಹೆಚ್ಚುವುದಂತೂ ಕೇಳಿದವರಿಗೆ ತಿಳಿಯುತ್ತದೆ.

ಎಲ್ಲ ಸಂಧಿಗಳೂ ಇಷ್ಟು ಸುಲಭಕ್ಕೆ ಒಲಿಯುವುದಿಲ್ಲ. ವರ್ಣ, ನಾಡಿ, ತತ್ತ್ವಗಳ ಎಣಿಕೆ ಬರುವೆಡೆ ವ್ಯಾಖ್ಯಾನವಿಲ್ಲದೆ ಹೆಜ್ಜೆ ಕೀಳಲಾಗದು. ಬಲ್ಲವರ ಹತ್ತಿರ ಕೇಳಿ. ಭೋಜನರಸವಿಭಾಗ ಸಂಧಿಯನ್ನು ಮಾತ್ರ ಬಿಡಬೇಡಿ. ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲೂ ಭಗವಂತನ ಒಂದೊಂದು ರೂಪವನ್ನು ಕಾಣಿಸುವ ಆ ಭಾಗ ಓದಿದ ಮೇಲೆ ಊಟಕ್ಕೆ ಕೂರುವ ರೀತಿಯೇ ಬೇರೆಯಾದೀತು.

ಒಂದೇ ಸಲ ಕೂತು ಮುಗಿಸುವ ಅಖಂಡ ಪಾರಾಯಣಗಳೂ ನಡೆಯುತ್ತವೆ. ಅದರ ಪುಣ್ಯ ಅದಕ್ಕಿರಲಿ, ರುಚಿ ಹಿಡಿಯಬೇಕಾದ ಹೊಸಬರಿಗೆ ಅದು ತಕ್ಕುದಲ್ಲ. ಪದಚ್ಛೇದ, ಪ್ರತಿಪದಾರ್ಥ ಇರುವ ಒಂದು ಪ್ರತಿಯನ್ನು ಕೊಂಡುಕೊಳ್ಳಿ. ನಿಮ್ಮ ಬಡಾವಣೆಯ ಮಂಡಳಿ ಯಾವ ವಾರ ಸೇರುತ್ತದೆಂದು ಪಕ್ಕದ ಮನೆಯ ಅಜ್ಜಿಯನ್ನು ಕೇಳಿ, ಮೊದಲ ಕೆಲವು ವಾರ ಪುಸ್ತಕ ತೆರೆಯದೆ ಹಿಂದೆ ಕೂತು ಕೇಳಿ.