ಲೋಡ್ ಹಾಕಿ ನೋಡಿ

ಬೆಳಿಗ್ಗೆ ಏಳೂವರೆಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ನಿಂತರೆ ಹಳದಿ ಬೋರ್ಡಿನ ಇನ್ನೋವಾಗಳ ಸಾಲು ಕಾಣುತ್ತದೆ. ಇದೇ ಊರಿನ ಕಾರ್ಖಾನೆಯಲ್ಲಿ ಹುಟ್ಟಿ ಹೊರಟ ಗಾಡಿಗಳು, ತವರಿಗೆ ತಿಂಡಿಗೆ ಬಂದ ಹಾಗೆ. ಬಾಗಿಲು ತೆಗೆದರೆ ಒಬ್ಬರ ಹಿಂದೆ ಒಬ್ಬರು ಇಳಿಯುತ್ತಲೇ ಇರುತ್ತಾರೆ. ಅಜ್ಜಿ, ಸೊಸೆ, ಮಕ್ಕಳು, ಕೊನೆಗೆ ಮೂರನೇ ಸಾಲಿನಿಂದ ಮಂಡಿ ನೀವಿಕೊಳ್ಳುತ್ತಾ ಒಬ್ಬ ಭಾವಮೈದುನ. ಕಾರುಗಳ ವಿಮರ್ಶೆಯನ್ನು ಸಾಮಾನ್ಯವಾಗಿ ಸ್ಟೀರಿಂಗ್ ಹಿಡಿದವರೇ ಬರೆಯುತ್ತಾರೆ, ಅದೂ ಖಾಲಿ ಗಾಡಿ ಓಡಿಸಿ. ಇನ್ನೋವಾ ಕ್ರಿಸ್ಟಾದ ಮಟ್ಟಿಗೆ ಅದು ಅನ್ಯಾಯ. ಅದರ ಗುಣವೂ ದೋಷವೂ ತಿಳಿಯುವುದು ಗಾಡಿ ತುಂಬಿದ ಮೇಲೆ.

ಸ್ಟೇಷನ್ ವ್ಯಾಗನ್ ಎಂಬ ಹೆಸರು ಅಮೆರಿಕದಲ್ಲಿ ರೈಲು ನಿಲ್ದಾಣದಿಂದ ಜನರನ್ನೂ ಪೆಟ್ಟಿಗೆಗಳನ್ನೂ ಮನೆಗೆ ಸಾಗಿಸುತ್ತಿದ್ದ ಗಾಡಿಗಳಿಂದ ಬಂತು. ನಮ್ಮ ದೇಶದಲ್ಲಿ ಆ ಜಾತಿ ಬೇರೂರಲೇ ಇಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಆಮೇಲೆ ಮಾರುತಿಯ ಬಲೆನೊ ಆಲ್ಟುರಾ, ಸ್ಕೋಡಾದ ಆಕ್ಟೇವಿಯಾ ಕಾಂಬಿ, ಬಂದವು, ಹೋದವು. 2017ರಲ್ಲಿ ವೋಲ್ವೊ ತನ್ನ ವಿ90 ಕ್ರಾಸ್ ಕಂಟ್ರಿಯನ್ನು ತಂದಿತು. ಎರಡು ಲೀಟರಿನ ಟರ್ಬೊ ಡೀಸೆಲ್, 235 ಅಶ್ವಶಕ್ತಿ, 480 ನ್ಯೂಟನ್ ಮೀಟರ್ ಟಾರ್ಕ್, ನೋಡಲು ಚೆಲುವೆ. ಬೆಲೆ ಅರವತ್ತು ಲಕ್ಷದ ಆಸುಪಾಸು, ಸೀಟು ಮಾತ್ರ ಐದು. ನಮ್ಮ ಕಡೆ ಉದ್ದ ಕಾರು ಕೊಳ್ಳುವವರು ಸಾಮಾನಿಗಿಂತ ಮೊದಲು ಜನವನ್ನು ಎಣಿಸುತ್ತಾರೆ. ಮಾಗಡಿ ಕಡೆಯ ಹುಡುಗ ವಿದೇಶಕ್ಕೆ ಹೊರಟರೆ ಬೀಳ್ಕೊಡಲು ಕೆಂಪೇಗೌಡರ ಊರಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಆರೇಳು ಜನ ಹೋಗಲೇಬೇಕು, ಜೊತೆಗೆ ಎರಡು ದೊಡ್ಡ ಸೂಟ್‌ಕೇಸು. ಹೀಗೆ ನಿಲ್ದಾಣದ ಗಾಡಿಯ ಕೆಲಸ ಇಲ್ಲಿ ಇನ್ನೋವಾದ ಪಾಲಿಗೆ ಬಂದಿದೆ. ಇದನ್ನು ವ್ಯಾಗನ್ ಎಂದು ಯಾರೂ ಕರೆಯುವುದಿಲ್ಲ, ಅಷ್ಟೇ.

ಟೊಯೋಟ ಕಿರ್ಲೋಸ್ಕರ್ ಬಿಡದಿಗೆ ಬಂದದ್ದು 1997ರಲ್ಲಿ. 2000ದ ಹೊತ್ತಿಗೆ ರಸ್ತೆಗಿಳಿದ ಕ್ವಾಲಿಸ್‌ಗೆ ಟರ್ಬೊ ಇರಲಿಲ್ಲ; 2.4 ಲೀಟರಿನ ಎಂಜಿನ್, ಬರೀ 75 ಅಶ್ವಶಕ್ತಿ. ಏರಿನಲ್ಲಿ ಅದು ಏದುಸಿರು ಬಿಡುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. 2005ರ ಇನ್ನೋವಾದಲ್ಲಿ 2.5 ಲೀಟರಿನ ಟರ್ಬೊ ಡೀಸೆಲ್ ಬಂತು: 102 ಅಶ್ವಶಕ್ತಿ, 200 ನ್ಯೂಟನ್ ಮೀಟರ್. 2016ರ ಕ್ರಿಸ್ಟಾದಲ್ಲಿ ಎಂಜಿನ್ 2.4 ಲೀಟರಿಗೆ ಇಳಿಯಿತು, ಶಕ್ತಿ 150ಕ್ಕೂ ಟಾರ್ಕ್ 343ಕ್ಕೂ ಏರಿತು. ಆಟೊಮ್ಯಾಟಿಕ್ ಬೇಕೆಂದವರಿಗೆ 2.8 ಲೀಟರಿನ ಇನ್ನೊಂದು ಎಂಜಿನ್ ಇತ್ತು, 174 ಅಶ್ವಶಕ್ತಿಯದು. ಅದೀಗ ಇಲ್ಲ. 2023ರಲ್ಲಿ ಡೀಸೆಲ್ ಕ್ರಿಸ್ಟಾ ಮರಳಿ ಬಂದಾಗ ಐದು ಗೇರಿನ 2.4 ಮಾತ್ರ ಉಳಿದಿತ್ತು. ನನ್ನ ಲೆಕ್ಕದಲ್ಲಿ ಉಳಿಯಬೇಕಾದದ್ದೇ ಉಳಿಯಿತು.

ಸಣ್ಣದಾದ ಎಂಜಿನ್ ಹೆಚ್ಚು ಎಳೆಯುವುದು ಹೇಗೆ? ಸೈಲೆನ್ಸರಿನ ಕಡೆಗೆ ಹೊರಟ ಬಿಸಿ ಹೊಗೆಯನ್ನು ಟರ್ಬೊ ದಾರಿಯಲ್ಲೇ ಹಿಡಿದು ಒಂದು ಚಕ್ರ ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಾದರೆ ಡೀಸೆಲ್ ಹೆಚ್ಚು ಉರಿಯುತ್ತದೆ, ಒಲೆಗೆ ಊದುಗೊಳವೆ ಹಿಡಿದ ಹಾಗೆ. ಹಳೆಯ ಟರ್ಬೊಗಳ ತೊಂದರೆಯೆಂದರೆ ಎಂಜಿನ್ ನಿಧಾನವಾಗಿದ್ದಾಗ ಹೊಗೆಯ ರಭಸ ಸಾಲದೆ ಚಕ್ರ ಸೋಮಾರಿಯಾಗುತ್ತಿತ್ತು. ಕ್ರಿಸ್ಟಾದ ಟರ್ಬೊದಲ್ಲಿ ಚಕ್ರದ ಸುತ್ತ ಅಲುಗಾಡುವ ರೆಕ್ಕೆಗಳಿವೆ. ಹೊಗೆ ಕಡಿಮೆ ಇದ್ದಾಗ ಅವು ದಾರಿಯನ್ನು ಕಿರಿದು ಮಾಡುತ್ತವೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಗಿಡಕ್ಕೆ ನೀರು ಹಾರಿಸುತ್ತೇವಲ್ಲ, ಅದೇ ಉಪಾಯ. ಹಾಗಾಗಿ 343 ನ್ಯೂಟನ್ ಮೀಟರಿನ ಪೂರ್ತಿ ಎಳೆತ 1400 ಸುತ್ತಿಗೇ ಸಿಕ್ಕಿ 2800ರವರೆಗೂ ಇರುತ್ತದೆ.

ಈ ಅಂಕಿಗಳ ಅರ್ಥ ಗೊತ್ತಾಗಬೇಕಾದರೆ ಕನಕಪುರದಿಂದ ಸಂಗಮಕ್ಕೆ ಹೋಗಬೇಕು. ಇಲ್ಲವೇ ಹರಕೆ ತೀರಿಸಲು ಕಬ್ಬಾಳಮ್ಮನ ಸನ್ನಿಧಿಗೆ ಹೊರಟ ಒಂದು ಕುಟುಂಬದ ಜೊತೆ ಸೇರಿಕೊಳ್ಳಬೇಕು. ಏಳು ಜನ, ಬಾಡೂಟದ ಪಾತ್ರೆ, ಅಕ್ಕಿ ಮೂಟೆ, ನೀರಿನ ಕ್ಯಾನು. ಗಾಡಿಯ ಸ್ವಂತ ತೂಕವೇ ಸುಮಾರು 1,800 ಕಿಲೋ, ಅದರ ಮೇಲೆ ಇಷ್ಟು. ತಿರುವಿನಲ್ಲಿ ಎದುರು ಬಸ್ಸು ಬಂದು ವೇಗ ಇಳಿದರೂ ಮೂರನೇ ಗೇರಿನಲ್ಲೇ ಬಿಟ್ಟು ಪೆಡಲ್ ಒತ್ತಿದರೆ ಸಾಕು, ಗೇರ್ ಬದಲಿಸುವ ಗಡಿಬಿಡಿ ಇಲ್ಲ, ತಳ್ಳಿದ ಅನುಭವವೂ ಇಲ್ಲ. ಹಿಂದೆ ನಿದ್ದೆ ಹೋದ ಅಜ್ಜಿಯ ತಲೆ ಅಲ್ಲಾಡುವುದಿಲ್ಲ. ನಾನು ಈ ಎಂಜಿನ್ನಿಗೆ ಅಂಕ ಕೊಡುವುದು ಇಲ್ಲಿ. ಟರ್ಬೊ ಎಂದರೆ ವೇಗ ಎಂದು ಜಾಹೀರಾತುಗಳು ಹೇಳಿಕೊಟ್ಟಿವೆ; ಇದು ಮಾತ್ರ ಹೊರೆ ಹೊರುವ ಟರ್ಬೊ.

ಈ ಸಮಾಧಾನದ ಅರ್ಧ ಪಾಲು ಕೆಳಗಿನ ಚಾಸಿಗೆ ಸೇರಬೇಕು. ಲಾರಿಗಳಂತೆ ಏಣಿಯಾಕಾರದ ಉಕ್ಕಿನ ಚೌಕಟ್ಟು, ಅದರ ಮೇಲೆ ಬಾಡಿ, ಎಳೆಯುವುದು ಹಿಂದಿನ ಚಕ್ರ. ಹಿಂದೆ ಕಾಯಿಲ್ ಸ್ಪ್ರಿಂಗ್ ಇದೆ, ಆದರೆ ಅದನ್ನು ತುಂಬಿದ ಗಾಡಿಯನ್ನು ಮನಸ್ಸಿನಲ್ಲಿಟ್ಟು ಬಿಗಿ ಮಾಡಿದ್ದಾರೆ. ಚನ್ನಪಟ್ಟಣದ ಕಡೆಯ ಒಬ್ಬ ಡ್ರೈವರಣ್ಣ ಇದನ್ನು ಒಂದೇ ಮಾತಿನಲ್ಲಿ ಹೇಳಿದ: "ಸಾ, ಇಬ್ರು ಕುಂತ್ರೆ ಕುಣೀತದೆ, ಏಳು ಜನ ಹತ್ತುದ್ರೆ ಕುಂತ್ಕತದೆ." ನಿಜ. ಖಾಲಿ ಗಾಡಿಯ ಹಿಂಭಾಗ ಹಳ್ಳಿಯ ಉಬ್ಬುಗಳ ಮೇಲೆ ಪುಟಿಯುತ್ತದೆ. ಹೈಡ್ರಾಲಿಕ್ ಸ್ಟೀರಿಂಗು ಸಂತೆಯ ದಿನ ಮಾಗಡಿ ಪೇಟೆಯಲ್ಲಿ ಗಾಡಿ ತಿರುಗಿಸುವವರ ತೋಳಿಗೆ ಕೆಲಸ ಕೊಡುತ್ತದೆ. ಮಾಲೀಕ ಒಬ್ಬನೇ ಕೂತು ಆಫೀಸಿಗೆ ಓಡಿಸುವುದಾದರೆ ಇದು ತಪ್ಪು ಆಯ್ಕೆ. ಹಾಗೆ ಕೊಂಡವರು ಬಹಳ ಜನ ಇದ್ದಾರೆ, ಅದು ಬೇರೆ ಮಾತು.

ವಿನ್ಯಾಸದ ವಿಷಯದಲ್ಲಿ ನನ್ನ ತಕರಾರು ಜಾಸ್ತಿ. 2005ರ ಇನ್ನೋವಾದ ಮೂತಿಯಿಂದ ಮುಂಗಾಜಿನವರೆಗೆ ಒಂದೇ ಓರೆ ಗೆರೆ ಇತ್ತು; ಅದು ಜನ ಸಾಗಿಸುವ ಗಾಡಿ ಎನ್ನುವುದನ್ನು ಬಚ್ಚಿಡುತ್ತಿರಲಿಲ್ಲ. ಕ್ರಿಸ್ಟಾ ಮೂತಿಯನ್ನು ಎತ್ತಿಕೊಂಡು, ದೊಡ್ಡ ಗ್ರಿಲ್ ಹಾಕಿಕೊಂಡು, ಎಸ್‌ಯುವಿಯ ವೇಷ ಕಟ್ಟಿತು. ಹಿಂದಿನ ದೀಪಗಳು ಮುರಿದ ಬಳೆಯ ಚೂರಿನ ಹಾಗಿವೆ. ಒಳಗೆ ಮಧ್ಯದ ಸಾಲು ಮಾತ್ರ ಅಚ್ಚುಕಟ್ಟು. ಕೈಯೂರುವ ಬಿಡಿ ಸೀಟುಗಳು, ಚಾವಣಿಯಿಂದ ಬೀಸುವ ಎಸಿ, ಕಾಲು ಚಾಚುವ ಜಾಗ. ಬೀಗರು ಕೂರುವ ಜಾಗ ಅದು ಎಂದು ತಯಾರಿಸಿದವರಿಗೆ ಗೊತ್ತಿತ್ತೆಂದು ಕಾಣುತ್ತದೆ.

ನಿಜವಾದ ವ್ಯಾಗನ್ನಿನ ಪರೀಕ್ಷೆ ನಡೆಯುವುದು ಹಿಂಬಾಗಿಲು ಎತ್ತಿದಾಗ. ಅಲ್ಲಿ ಕ್ರಿಸ್ಟಾ ಎಡವುತ್ತದೆ. ಮೂರೂ ಸಾಲು ಎದ್ದು ನಿಂತಿದ್ದರೆ ಉಳಿಯುವುದು 300 ಲೀಟರ್, ಅಂದರೆ ಒಂದು ಸಣ್ಣ ಕಾರಿನ ಡಿಕ್ಕಿ. ವಿಮಾನ ನಿಲ್ದಾಣದ ಆ ಎರಡು ಸೂಟ್‌ಕೇಸಿಗೆ ಚಾವಣಿಯ ಕ್ಯಾರಿಯರ್ರೇ ಗತಿ. ಯುರೋಪಿನ ವ್ಯಾಗನ್ನುಗಳಲ್ಲಿ ಹಿಂದಿನ ಸೀಟು ನೆಲಕ್ಕೆ ಸಮನಾಗಿ ಮಲಗುತ್ತದೆ. ಇಲ್ಲಿ ಮೂರನೇ ಸಾಲನ್ನು ಎರಡು ಭಾಗ ಮಾಡಿ ಅಕ್ಕಪಕ್ಕಕ್ಕೆ ಎತ್ತಿ ಕಟ್ಟಬೇಕು. ಗೋಡೆಗೆ ಒರಗಿಸಿದ ಮಂಚದ ಹಾಗೆ ಅವು ಕಿಟಕಿಯನ್ನೂ ಜಾಗವನ್ನೂ ನುಂಗುತ್ತವೆ. ಹತ್ತು ವರ್ಷ ಕಾರಿನ ಬೆಲೆ ಏರಿಸಿದವರು ಈ ಒಂದು ಕೀಲನ್ನು ಬದಲಿಸಬಹುದಿತ್ತು.

ಇನ್ನೊಂದು ಸಣ್ಣ ಸಿಟ್ಟು. ಮೇಲಿನ ದರ್ಜೆಯ ಕ್ರಿಸ್ಟಾಗಳ ಡ್ಯಾಶ್‌ಬೋರ್ಡಿನಲ್ಲಿ ಮರದ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಇದೆ. ಈ ಕಾರ್ಖಾನೆಯಿಂದ ಅರ್ಧ ಗಂಟೆ ಮೈಸೂರು ಕಡೆ ಹೋದರೆ ಚನ್ನಪಟ್ಟಣ. ಅಲ್ಲಿ ಆಲೆಮರದ ತುಂಡನ್ನು ಲೇತಿಗೆ ಹಾಕಿ ತಿರುಗಿಸುತ್ತಾ ಅರಗಿನ ಕಡ್ಡಿ ಒತ್ತಿದರೆ, ತಿರುಗುವ ಬಿಸಿಗೇ ಬಣ್ಣ ಕರಗಿ ಮರಕ್ಕೆ ಅಂಟುತ್ತದೆ. ತಾಳೆಗರಿ ಹಿಡಿದರೆ ಹೊಳಪು ಬರುತ್ತದೆ. ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಆಟಿಕೆ ಕಸುಬು ಇಷ್ಟು ಹತ್ತಿರ ಇದ್ದೂ, ಇಪ್ಪತ್ತು ಲಕ್ಷದ ಗಾಡಿಯ ಗೇರ್ ಗುಂಡಿಯಷ್ಟಾದರೂ ಅಲ್ಲಿಂದ ಬರಲಿಲ್ಲ.

2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಗಿ, ಗಾಡಿಗಳು ಬಿಡದಿ, ರಾಮನಗರ, ಚನ್ನಪಟ್ಟಣ ಊರುಗಳನ್ನು ಮುಟ್ಟದೆ ಬೈಪಾಸಿನಲ್ಲಿ ಹಾರಿಹೋಗತೊಡಗಿದವು. ಆಟಿಕೆ ಅಂಗಡಿಗಳ ವ್ಯಾಪಾರಕ್ಕೆ ಅದರಿಂದ ಬಿದ್ದ ಪೆಟ್ಟು ಎಲ್ಲರಿಗೂ ಗೊತ್ತು. ಕ್ರಿಸ್ಟಾದ ಗುಣಕ್ಕೂ ಅಲ್ಲಿ ಕೆಲಸವಿಲ್ಲ. ನೂರರ ಮಿತಿಯಲ್ಲಿ ಐದನೇ ಗೇರಿಗೆ ಹಾಕಿದರೆ ಎಂಜಿನ್ ಅರೆನಿದ್ದೆಯಲ್ಲಿ ಓಡುತ್ತದೆ, ಎತ್ತರದ ಮೈ ಅಡ್ಡಗಾಳಿಗೆ ಸ್ವಲ್ಪ ತೊನೆಯುತ್ತದೆ. ಅಂಥ ದಾರಿಗೆ ಇದೇ ಬಿಡದಿಯ ತಮ್ಮ, 2022ರ ಕೊನೆಗೆ ಬಂದ ಹೈಕ್ರಾಸ್, ಹೆಚ್ಚು ಸರಿ. ಏಣಿ ಚಾಸಿ ಇಲ್ಲದ ಒಂದೇ ಅಚ್ಚಿನ ಮೈ, ಮುಂದಿನ ಚಕ್ರದ ಎಳೆತ, ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಸೇರಿ 186 ಅಶ್ವಶಕ್ತಿ, ಟರ್ಬೊ ಇಲ್ಲವೇ ಇಲ್ಲ. ಇಬ್ಬರೇ ಕೂತರೂ ನಯ, ಸದ್ದಿಲ್ಲ. ಆದರೂ ಟ್ಯಾಕ್ಸಿ ಸ್ಟ್ಯಾಂಡುಗಳಲ್ಲಿ ಕೇಳಿ ನೋಡಿ, ಮಾದಪ್ಪನ ಬೆಟ್ಟಕ್ಕೆ ಏಳು ಜನ ಎಂದರೆ ಇನ್ನೂ ಡೀಸೆಲ್ ಗಾಡಿಯ ಕೀಲಿಕೈಯನ್ನೇ ತೆಗೆಯುತ್ತಾರೆ.

ಆ ಡ್ರೈವರಣ್ಣನನ್ನು ಕೇಳಿದೆ, ಜನ ಇಳಿಸಿ ಖಾಲಿ ಬರುವಾಗ ಕುಣಿತ ಹೇಗೆ ತಡೆದುಕೊಳ್ಳುತ್ತೀಯ ಎಂದು. ಮಾವಿನ ಕಾಲದಲ್ಲಿ ತಾನು ಖಾಲಿ ಬರುವುದೇ ಇಲ್ಲ ಎಂದ. ಹಿಂಬಾಗಿಲು ಎತ್ತಿ ತೋರಿಸಿದ. ಎತ್ತಿ ಕಟ್ಟಿದ ಎರಡು ಸೀಟುಗಳ ನಡುವಿನ ಸಂದಿಯಲ್ಲಿ ನಾಲ್ಕು ಕ್ರೇಟು ಬಾದಾಮಿ, ಅವುಗಳ ಮೇಲೆ ಗೋಣಿ ಹೊದಿಸಿದ್ದ.